ಏಳನೆಯ ಹಳ್ಳ

ಫ್ರಿಜ್ಜಿನ ಕೆಳಗಿನ ಅರೆಯಿಂದ ಮಗಳು ನಾಲ್ಕನೆಯ ಬಾಟಲಿಯನ್ನು ಹೊರತೆಗೆದು ಸಿಂಕಿನ ಪಕ್ಕ ಇಟ್ಟಳು. ಐದನೆಯದಕ್ಕೆ ಕೈ ಹಾಕಿದಾಗ ಅದರ ಹಿಂದೆ ಆರನೆಯದು, ಅದರ ಹಿಂದೆ ಇನ್ನೂ ಒಂದಷ್ಟು ಕಂಡವು. ಬರುವವರಿಗೆ ಚಹಾ ಮಾಡಲೆಂದು ತರಿಸಿದ ಎಂಟು ಲೀಟರ್ ಹಾಲು ನೆಲದ ಮೇಲೆ ಕಾಯುತ್ತಿತ್ತು.

“ಅಪ್ಪಾ, ಇದರಲ್ಲಿ ಏನಿದೆ? ಬರೀ ನೀರಾ?”

“ನೀರೇ.”

“ಚೆಲ್ಲಿಬಿಡ್ಲಾ ಹಾಗಾದ್ರೆ?”

ಹಾಲ್‌ನಲ್ಲಿ ಕುರ್ಚಿ ಒರೆಸುತ್ತಿದ್ದ ಅಪ್ಪ ಬಟ್ಟೆ ಹಿಡಿದುಕೊಂಡೇ ಅಡುಗೆಮನೆಗೆ ಓಡಿಬಂದ. ಅರವತ್ತೇಳರ ಆ ಮನುಷ್ಯ ಓಡಿದ್ದನ್ನು ಮಗಳು ಈಚಿನ ವರ್ಷಗಳಲ್ಲಿ ನೋಡಿರಲಿಲ್ಲ.

“ಮುಟ್ಬೇಡ! ಬುಧವಾರ ಅಮ್ಮ ತಂದಿದ್ದು ಅದು.”

ಬುಧವಾರ ಸಂಜೆ ಅಮ್ಮ ಆ ಹನ್ನೆರಡು ಬಾಟಲಿಗಳನ್ನು ಸಾಲಾಗಿ ಜೋಡಿಸಿಟ್ಟು, ‘ಕುಡಿಯಬೇಡಿ’ ಎಂದು ಚೀಟಿ ಅಂಟಿಸಿ, ಊಟ ಮಾಡಿ ಮಲಗಿದ್ದಳು. ಗುರುವಾರ ಬೆಳಗ್ಗೆ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ, ಏನೂ ಗೊತ್ತಾಗಿರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರು. ಇವತ್ತು ಶುಕ್ರವಾರ. ಹನ್ನೊಂದೂವರೆಗೆ ಮಣ್ಣು.

ಅಪ್ಪ ಒಂದು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದ. ಮೂವತ್ತೈದು ವರ್ಷ ಕನ್ನಡಕದಂಗಡಿ ನಡೆಸಿದವನು. ಊರಿಗೆಲ್ಲ ಕಣ್ಣು ಕೊಟ್ಟವನಿಗೆ ಹೆಂಡತಿಯ ಸಣ್ಣ ಅಕ್ಷರ ಓದಲು ಮಾತ್ರ ಯಾವಾಗಲೂ ಎರಡು ಸಲ ಬೇಕಾಗುತ್ತಿತ್ತು. “ಒಂದನೇ ಹಳ್ಳ. ಬುಧವಾರ, ಬೆಳಗ್ಗೆ ಎಂಟು ಇಪ್ಪತ್ತು.” ಗೋಡೆ ಗಡಿಯಾರ ನೋಡಿದ. ಏಳಕ್ಕೆ ಹತ್ತು ನಿಮಿಷ ಇತ್ತು. “ನಲವತ್ತೆಂಟು ಗಂಟೆ. ಅದಾದ್ಮೇಲೆ ನೀರು ಸುಳ್ಳು ಹೇಳೋಕೆ ಶುರು ಮಾಡುತ್ತೆ ಅಂತಿದ್ಲು. ಫೋನ್ ಎಲ್ಲಿ?”

ಲ್ಯಾಬಿನ ಕೆಮಿಸ್ಟ್ ಕಾಲು ಗಂಟೆಯಲ್ಲಿ ಆಟೋದಿಂದ ಇಳಿದಳು. ಕಪ್ಪು ಬಟ್ಟೆ ತೊಟ್ಟಿದ್ದಳು, ಕೈಯಲ್ಲಿ ನೀಲಿ ಐಸ್ ಪೆಟ್ಟಿಗೆ. ಎದುರುಮನೆಯ ಅಜ್ಜಿ ಕಿಟಕಿಯಿಂದಲೇ ಕೂಗಿ ಕೇಳಿದಳು, “ಐಸ್‌ಕ್ರೀಮ್ ಯಾರಮ್ಮಾ ತರಿಸಿದ್ದು, ಈ ಹೊತ್ತಲ್ಲಿ?”

ಕೆಮಿಸ್ಟ್ ಒಳಗೆ ಬಂದವಳೇ ಅಪ್ಪನ ಕೈ ಹಿಡಿದುಕೊಂಡಳು. “ಲ್ಯಾಬಲ್ಲಿ ಮೊನ್ನೆ ಕರೆಂಟ್ ಕೆಲಸ ಇತ್ತು, ಸರ್. ನಾನೇ ‘ಮನೇಲಿಟ್ಕೊಳ್ಳಿ ಅಕ್ಕಾ, ನಾಳೆ ಬೆಳಗ್ಗೆ ತನ್ನಿ’ ಅಂದಿದ್ದೆ. ನಿನ್ನೆ ಸುದ್ದಿ ಕೇಳಿದ್ಮೇಲೆ ನನಗೂ ನೀರಿನ ನೆನಪು ಹಾರಿಹೋಯ್ತು.”

“ನಮಗೂ ಅಷ್ಟೇ. ಹಾಲಿಗೆ ಜಾಗ ಸಾಲದೇ ಇದ್ದದ್ದು ಒಳ್ಳೇದಾಯ್ತು.”

“ಯಂತ್ರ ಬಿಸಿಯಾಗೋಕೆ ಅರ್ಧ ಗಂಟೆ ಬೇಕು. ಆಟೋದವನು ಹೊರಟೇಹೋದ...”

“ಡ್ರೈವರ್ ಇಲ್ಲೇ ನಿಂತಿದೀನಲ್ಲ,” ಎಂದಳು ಮಗಳು. ಅವಳು ಸಿಟಿ ಬಸ್ ಓಡಿಸುವವಳು. ಅಮ್ಮನ ಕಾರಿನ ಕೀಲಿಯನ್ನು ಮೊಳೆಯಿಂದ ಆಗಲೇ ತೆಗೆದುಕೊಂಡಿದ್ದಳು.

ಕಾರಿನ ಸೀಟು ಗಿಡ್ಡ ಕಾಲಿನ ಅಮ್ಮನಿಗೆ ತಕ್ಕಂತೆ ತೀರ ಮುಂದಿತ್ತು. ಮಗಳ ಮೊಣಕಾಲು ಸ್ಟೇರಿಂಗಿಗೆ ತಾಗಿತು. ಅವಳು ಸೀಟನ್ನು ಹಿಂದೆ ಸರಿಸಲಿಲ್ಲ; ಕಾಲು ಮಡಚಿಕೊಂಡೇ ಓಡಿಸಿದಳು. ಹಿಂದಿನ ಸೀಟಿನಲ್ಲಿ ಬಾಟಲಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು.

“ಮನೇಲಿ ನನ್ನ ಹತ್ರ ಕೆಲಸದ ಮಾತೇ ಆಡ್ತಿರ್ಲಿಲ್ಲ ಅಮ್ಮ,” ಎಂದಳು. “ಬುಧವಾರ ಬಂದ್ರೆ ಬೂಟು ತೊಳೀತಾಳೆ. ಅಷ್ಟು ಗೊತ್ತು ನನಗೆ.”

“ಲ್ಯಾಬಲ್ಲಿ ನಿಮ್ಮ ಮಾತು ಬಿಟ್ರೆ ಬೇರೆ ಆಡ್ತಿರ್ಲಿಲ್ಲ. ನೀವು ಮೊದಲನೇ ಸಲ ಬಸ್ಸನ್ನ ಸಂದಿಯಿಂದ ಹಿಂದಕ್ಕೆ ತಗೊಂಡ್ರಂತಲ್ಲ, ಆ ಕತೆ ನಾನು ಇಪ್ಪತ್ತು ಸಲ ಕೇಳಿದೀನಿ. ಪ್ರತಿ ಸಲಾನೂ ಸಂದಿ ಸ್ವಲ್ಪ ಕಿರಿದಾಗ್ತಿತ್ತು.”

ಮಗಳು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡು, ಸಿಗ್ನಲ್ ಹಸಿರಾಗುವ ಮುಂಚೆಯೇ ಗೇರು ಹಾಕಿದಳು.

*

ಮೊದಲು, ಎರಡು ವಾರದ ಮಟ್ಟಿಗೆ ಎಂದು ಹೇಳಿ ಅಮ್ಮನನ್ನು ಹಳ್ಳಗಳಿಗೆ ಕಳಿಸಿದ್ದರು. ಆಗ ಅವಳಿಗೆ ಮೂವತ್ತೊಂದು, ನೀರು ಸರಬರಾಜು ಕಚೇರಿಯ ಟಪಾಲು ವಿಭಾಗದಲ್ಲಿ ಗುಮಾಸ್ತೆ. ಊರಿಗೆ ಕುಡಿಯುವ ನೀರು ಕೊಡುವ ದೊಡ್ಡ ಕೆರೆಗೆ ಸುತ್ತಲಿನ ಗುಡ್ಡಗಳಿಂದ ಹನ್ನೊಂದು ಹಳ್ಳಗಳು ಬಂದು ಸೇರುತ್ತಿದ್ದವು. ವಾರಕ್ಕೊಮ್ಮೆ ಅವುಗಳ ನೀರನ್ನು ಬಾಟಲಿಯಲ್ಲಿ ಹಿಡಿದು ಲ್ಯಾಬಿಗೆ ತರುತ್ತಿದ್ದವನು ಕಾಲು ಮುರಿದುಕೊಂಡಿದ್ದ. ಬೇರೆ ಯಾರೂ ಆ ಕೆಲಸಕ್ಕೆ ಒಲ್ಲೆವೆಂದರು. ಕೆಸರು, ಮುಳ್ಳು, ಕಟ್ಟದೆ ಬಿಟ್ಟ ನಾಯಿಗಳು.

ಮೊದಲ ದಿನ ಅವಳು ಕಚೇರಿಯ ಚಪ್ಪಲಿಯಲ್ಲೇ ಹೋದಳು. ಹಿಂತಿರುಗಿದಾಗ ಒಂದೇ ಚಪ್ಪಲಿ ಇತ್ತು. ಆಗಿನ ಲ್ಯಾಬಿನ ಮುದುಕ ಅವಳ ಹನ್ನೊಂದು ಬಾಟಲಿಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಅವಳ ಕಣ್ಣೆದುರೇ ಮೋರಿಗೆ ಸುರಿದುಬಿಟ್ಟ.

“ಇದು ಹಳ್ಳದ ನೀರಲ್ಲಮ್ಮ. ನಿನ್ನ ಕಾಲಿನ ಕೆಸರು. ನೀರು ಬರೋ ಕಡೆಗೆ ಮುಖ ಮಾಡಿ ಕೂತ್ಕೋ. ಅದೇ ನೀರಲ್ಲಿ ಮೂರು ಸಲ ಬಾಟಲಿ ತೊಳಿ. ಆಮೇಲೆ ತುಂಬು. ನಾಳೆ ಮತ್ತೆ ಹೋಗು.”

ಅವಳು ಸಿಟ್ಟಿನಿಂದ ಹೋಗಿ ಮೊಣಕಾಲುದ್ದದ ರಬ್ಬರ್ ಬೂಟು ಕೊಂಡಳು. ಮರುದಿನ ತಂದ ನೀರನ್ನು ನೋಡಿ ಮುದುಕ ನೇರವಾಗಿ ಯಂತ್ರಕ್ಕೆ ಹಾಕಿದ. ಹೊಲಕ್ಕೆ ಹಾಕಿದ ಗೊಬ್ಬರದಿಂದಲೂ ಕೊಟ್ಟಿಗೆಯ ಸಗಣಿಯಿಂದಲೂ ನೈಟ್ರೇಟ್ ಕರಗಿ ನೀರಿಗೆ ಬರುತ್ತದೆ ಎಂದು ಆಮೇಲೆ ಅವಳಿಗೆ ಕೂರಿಸಿ ಹೇಳಿದ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹೆಚ್ಚಾದರೆ ಎಳೆಗೂಸುಗಳ ರಕ್ತಕ್ಕೆ ಉಸಿರು ಸಾಲದಾಗುತ್ತದೆ. ಒಂದು ಲೀಟರಿನಲ್ಲಿ ಐವತ್ತು ಮಿಲಿಗ್ರಾಂ ದಾಟಬಾರದು.

ಕಾಲು ಮುರಿದವನು ಗುಣವಾಗಿ ಬಂದು, ತನಗೆ ಟಪಾಲೇ ಸಾಕು ಎಂದ. ಸಾಹೇಬರು ಅವಳನ್ನು ಕರೆದು, ನಿನಗೆ ಯಾವುದು ಬೇಕು ಎಂದು ಕೇಳಿದರು.

“ಟಪಾಲಲ್ಲಿ ಬೆನ್ನು ನೋವು, ಹಳ್ಳದಲ್ಲಿ ಕಾಲು ನೋವು ಸಾರ್,” ಎಂದಳು. “ಬೆನ್ನು ಒಂದೇ ಇರೋದು. ಕಾಲು ಎರಡಿವೆ.”

ಗುಡ್ಡದ ಕಡೆಯ ಮಕ್ಕಳು ಅವಳಿಗೆ ಬಾಟ್ಲಕ್ಕ ಎಂದು ಹೆಸರಿಟ್ಟರು. ವರ್ಷ ಕಳೆಯುವುದರೊಳಗೆ ಆ ಹೆಸರು ಗುಡ್ಡ ಇಳಿದು ಪೇಟೆಗೂ ಬಂತು. ಒಂದು ದಿನ ಕನ್ನಡಕ ಸರಿಮಾಡಿಸಲು ಬಂದ ಗಿರಾಕಿ, “ಬಾಟ್ಲಕ್ಕನ ಗಂಡ ಅಂದ್ರೆ ನೀವೇನಾ?” ಎಂದು ಕೇಳಿದ. ಗಂಡ ಸಂಜೆ ಅದನ್ನು ಹೇಳಿದಾಗ ಅವಳು ಬೂಟು ತೊಳೆಯುತ್ತ, “ಹೂಂ ಅನ್ಬೇಕಿತ್ತು,” ಎಂದಳು.

“ಹೂಂ ಅಂದೆ. ಐದು ರೂಪಾಯಿ ಕಡಿಮೆ ಮಾಡಿಸ್ಕೊಂಡು ಹೋದ.”

*

ಮಗಳು ಕೆಮಿಸ್ಟನ್ನು ಲ್ಯಾಬಿಗೆ ಬಿಟ್ಟು ಬರುವಷ್ಟರಲ್ಲಿ ಮನೆ ತುಂಬಿತ್ತು. ಹತ್ತು ಗಂಟೆಗೆ ಆಸ್ಪತ್ರೆಯ ಶವಾಗಾರದಿಂದ ಅಮ್ಮನನ್ನು ತಂದು ಮುಂದಿನ ಕೋಣೆಯಲ್ಲಿ ಮಲಗಿಸಿದರು. ಬಂದವರು ಒಳಗೆ ಹೋಗಿ ಒಂದು ನಿಮಿಷ ನಿಂತು ಹೊರಬರುತ್ತಿದ್ದರು. ಅಂಗಳದಲ್ಲಿ ಚಹಾ ಕುಡಿಯುತ್ತ ಅವಳ ಬಗ್ಗೆಯೇ ಮಾತಾಡುತ್ತಿದ್ದರು.

“ನಮ್ಮ ನಾಯಿ ಊರಿಗೆಲ್ಲ ಬೊಗಳೋದು, ಅವಳಿಗೆ ಮಾತ್ರ ಬಾಲ ಅಲ್ಲಾಡಿಸೋದು,” ಎಂದಳು ಗುಡ್ಡದಿಂದ ಬಂದ ಒಬ್ಬ ಹೆಂಗಸು.

“ಬಿಸ್ಕತ್ತು ಹಾಕ್ತಿದ್ಲು.”

“ಬಿಸ್ಕತ್ತು ನಾನೂ ಹಾಕ್ತೀನಿ. ನನಗೂ ಬೊಗಳುತ್ತೆ ಅದು!”

ಎಲ್ಲರೂ ನಕ್ಕರು. ಸಾವಿನ ಮನೆ ಎಂಬುದು ನೆನಪಾಗಿ ಒಬ್ಬರು ಬಾಯಿ ಮುಚ್ಚಿಕೊಂಡಾಗ ಅವಳ ಗಂಡ ಬಾಗಿಲಿನಿಂದಲೇ, “ನಗ್ರಪ್ಪಾ, ನಗಿ. ಒಳಗೆ ಕೇಳಿಸ್ಲಿ,” ಎಂದ.

ಡೇರಿಯ ಯಜಮಾನ ಬೆಳಗ್ಗೆಯೇ ಬಂದು ಬೆಂಚುಗಳನ್ನು ಹಾಕಿಸಿದ್ದ. ಅರವತ್ತು ಹಸುಗಳ ಒಡೆಯ, ಎತ್ತರದ ಆಳು. ಏಳನೆಯ ಹಳ್ಳದ ದಂಡೆಯಲ್ಲೇ ಅವನ ಕೊಟ್ಟಿಗೆ. ಚಹಾದ ಲೋಟಗಳನ್ನು ತಾನೇ ಹಂಚುತ್ತ, “ನಾನು ಹಾಲಿಗೆ ನೀರು ಹಾಕ್ತೀನಿ ಅಂತ ಊರು ಮೊದಲಿಂದ ಹೇಳ್ತಿತ್ತು. ಆಮೇಲೆ ನೀರಿಗೆ ಸಗಣಿ ಹಾಕ್ತೀನಿ ಅಂತ್ಲೂ ಹೇಳ್ತು. ಎರಡನೇದು ಸುಳ್ಳು ಅಂತ ತೋರಿಸ್ಕೊಟ್ಟವಳು ಇವಳು,” ಎಂದ.

“ಮೊದಲನೇದು?” ಎಂದು ಯಾರೋ ಕೇಳಿದರು.

“ಅದಕ್ಕೆ ಅವಳು ಸ್ಯಾಂಪಲ್ ತಗೊಳ್ಲಿಲ್ಲ.”

ನಗು ಇನ್ನೂ ನಿಂತಿರಲಿಲ್ಲ, ಗೇಟಿನ ಮುಂದೆ ಒಂದು ಪಿಕಪ್ ಬಂದು ನಿಂತಿತು. ಅದರಿಂದ ಇಳಿದವನು ಸತ್ತವಳ ಅಣ್ಣ. ಎಪ್ಪತ್ತು ದಾಟಿತ್ತು. ಗುಡ್ಡದ ಮೇಲೆ ಅವನ ಕೋಸಿನ ಹೊಲ. ನಿನ್ನೆ ಸುದ್ದಿ ತಿಳಿದ ಕೂಡಲೇ ಬಂದು ತಂಗಿಯ ಮುಖ ನೋಡಿ ಹೋಗಿದ್ದ. ಈಗ ಒಳಗೆ ಹೋಗಿ ಬಂದು, ಅಂಗಳದಲ್ಲಿ ಖಾಲಿಯಿದ್ದ ಒಂದೇ ಜಾಗವನ್ನು ನೋಡಿದ. ಅದು ಡೇರಿಯ ಯಜಮಾನನ ಪಕ್ಕದಲ್ಲಿತ್ತು. ಮಾತುಗಳು ತಗ್ಗಿದವು. ಆ ಇಬ್ಬರೂ ಹದಿನೇಳು ವರ್ಷದಿಂದ ಒಂದೇ ಬೆಂಚಿನಲ್ಲಿ ಕೂತಿರಲಿಲ್ಲ.

*

ಹದಿನೇಳು ವರ್ಷದ ಹಿಂದೆ ಒಂದು ಬೇಸಗೆಯ ಮೊದಲಲ್ಲಿ ಕೆರೆಯ ನೀರಿನಲ್ಲಿ ನೈಟ್ರೇಟ್ ಐವತ್ತೆರಡಕ್ಕೆ ಹೋಯಿತು. ಆರು ತಿಂಗಳೊಳಗಿನ ಮಕ್ಕಳಿಗೆ ನಲ್ಲಿ ನೀರು ಕೊಡಬೇಡಿ ಎಂದು ಮನೆಮನೆಗೂ ನೋಟೀಸು ಬಂತು. ಕೂಸಿದ್ದ ಮನೆಯವರು ಟ್ಯಾಂಕರಿನ ಹಿಂದೆ ಕೊಡ ಹಿಡಿದು ನಿಂತರು. ಹನ್ನೊಂದು ಹಳ್ಳಗಳಲ್ಲಿ ಏಳನೆಯದೇ ಎಲ್ಲಕ್ಕಿಂತ ಕೆಟ್ಟದ್ದು, ಎಪ್ಪತ್ತನಾಲ್ಕು. ಅದರ ದಂಡೆಯಲ್ಲಿ ಸಗಣಿ ಗುಂಡಿ ಎಲ್ಲರ ಕಣ್ಣಿಗೂ ಕಾಣುವಂತಿತ್ತು. ಡೇರಿ ಮುಚ್ಚಿಸಬೇಕೆಂದು ಒಂದು ಅರ್ಜಿ ಅಂಗಡಿಯಿಂದ ಅಂಗಡಿಗೆ ತಿರುಗಿ, ಮುನ್ನೂರು ಸಹಿ ಹೊತ್ತು ಕಚೇರಿಗೆ ಬಂತು. ಸಾಹೇಬರು ಆದೇಶದ ಕರಡು ಬರೆಸಿಯೂ ಆಗಿತ್ತು.

ಬಾಟ್ಲಕ್ಕ ಆ ಬುಧವಾರ ಎರಡು ಬಾಟಲಿ ಹೆಚ್ಚಿಗೆ ಒಯ್ದಳು. ಡೇರಿಯ ಕೆಳಗೆ ಒಂದು ತುಂಬಿದಳು, ಡೇರಿಯ ಮೇಲೆ ಒಂದು. ಕೆಳಗಿನದು ಎಪ್ಪತ್ತನಾಲ್ಕು, ಮೇಲಿನದು ಎಪ್ಪತ್ತಮೂರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಕೆಮಿಸ್ಟ್ ಯಂತ್ರ ಕೆಟ್ಟಿದೆ ಎಂದುಕೊಂಡು ಎರಡು ಸಲ ನೋಡಿದಳು.

“ಯಂತ್ರ ಸರಿಯಾಗೇ ಇದೆ,” ಎಂದಳು ಬಾಟ್ಲಕ್ಕ. “ಅರವತ್ತು ಹಸುಗಳ ಪಾಲು ಒಂದು. ಉಳಿದದ್ದು ಮೇಲಿಂದ ಬರ್ತಿದೆ.”

ಮುಂದಿನ ವಾರ ಅವಳು ಹಳ್ಳದೊಳಗೇ ನಡೆಯುತ್ತ ಗುಡ್ಡ ಹತ್ತಿದಳು. ಎಲ್ಲೆಲ್ಲಿ ಒಂದು ಕವಲು ಬಂದು ಸೇರುತ್ತದೋ ಅಲ್ಲೆಲ್ಲ ಬಾಟಲಿ ತುಂಬಿದಳು. ಒಂದು ಕಡೆ ಇಳಿಜಾರಿನ ಬುಡದಲ್ಲಿ, ಕಲ್ಲಿನ ಸಂದಿಯಿಂದ ಒರತೆಯೊಂದು ಹಳ್ಳಕ್ಕೆ ಬೀಳುತ್ತಿತ್ತು. ನೀರು ಕನ್ನಡಿಯ ಹಾಗಿತ್ತು. ತೊಂಬತ್ತಾರು ಬಂತು. ಆ ಇಳಿಜಾರಿನ ಮೇಲೆ ಸಾಲುಸಾಲಾಗಿ ಬೆಳೆದು ನಿಂತಿದ್ದ ಕೋಸು ಅವಳ ಅಣ್ಣನದು. ಚಿಕ್ಕವಳಿದ್ದಾಗ ಅವಳೂ ಆ ಹೊಲದಲ್ಲಿ ಸಸಿ ನೆಟ್ಟವಳೇ.

ಅವಳು ಆ ಸಂಖ್ಯೆಯನ್ನು ಯಾರಿಗೂ ಹೇಳಲಿಲ್ಲ. ಮತ್ತೆರಡು ವಾರ ಅದೇ ಒರತೆಯ ನೀರು ತಂದಳು. ತೊಂಬತ್ತೈದು, ತೊಂಬತ್ತೇಳು. ಮೂರನೆಯ ವಾರ ಊಟದ ಹೊತ್ತಿನಲ್ಲಿ ಗಂಡನಿಗೆ ಹೇಳಿದಳು.

ಗಂಡ ತುತ್ತು ಕೆಳಗಿಟ್ಟ. “ವರದೀಲಿ ಬರಿಯೋದಂತೂ ಬರೀತೀಯಲ್ಲ?”

“ಬರೀಲೇಬೇಕು.”

“ಹಾಗಾದ್ರೆ ಅದಕ್ಕೆ ಮೊದಲು ಹೋಗಿ ನಿಮ್ಮಣ್ಣಂಗೆ ಹೇಳು. ಬೇರೆಯವರ ಬಾಯಲ್ಲಿ ಕೇಳೋ ಹಾಗಾಗ್ಬಾರ್ದು.”

ಅಣ್ಣ ಕೋಸು ಕತ್ತರಿಸುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕುಡುಗೋಲು ಕೈಯಲ್ಲಿ ಹಿಡಿದುಕೊಂಡೇ ಕೇಳಿದ.

“ನನ್ನ ಹೊಲ ಅಂತ ಬರೀತೀಯಾ?”

“ಬರೀದಿದ್ರೆ ಡೇರಿಯವರ ಮನೆಗೆ ಬೀಗ ಬೀಳುತ್ತೆ, ಅಣ್ಣ.”

“ಬೀಳ್ಲಿ. ಅವರೇನು ನಿನಗೆ ಹತ್ತಿರದವರಾ?”

“ಏನೂ ಅಲ್ಲ.”

“ನಾನು?”

ಅವನು ಕುಡುಗೋಲನ್ನು ಬುಟ್ಟಿಗೆ ಎಸೆದ. “ಎಲ್ಲರೂ ಹಾಕೋ ಗೊಬ್ಬರಾನೇ ನಾನೂ ಹಾಕಿದ್ದು. ಅಂಗಡಿಯವನು ಹೇಳಿದಷ್ಟೇ ಹಾಕಿದ್ದು. ಬರ್ಕೋ ಹೋಗು. ಇನ್ಮೇಲೆ ಈ ಮನೆ ಹೊಸಲು ತುಳೀಬೇಡ.”

ಅವಳು ಬರೆದಳು. ಡೇರಿ ಉಳಿಯಿತು. ಅಣ್ಣನಿಗೆ ಗೊಬ್ಬರ ಅರ್ಧಕ್ಕೆ ಇಳಿಸಲು, ಕೊಯ್ಲಾದ ಮೇಲೆ ನೆಲವನ್ನು ಬರಿದಾಗಿ ಬಿಡದೆ ಹುಲ್ಲು ಬಿತ್ತಲು, ಹಳ್ಳದುದ್ದಕ್ಕೂ ಇಪ್ಪತ್ತು ಹೆಜ್ಜೆ ಅಗಲ ಉಳದೆ ಬಿಡಲು ಆದೇಶ ಬಂತು. ಅವನು ಹಲ್ಲು ಕಚ್ಚಿಕೊಂಡು ಅಷ್ಟನ್ನೂ ಮಾಡಿದ. ಮೊದಲ ವರ್ಷ ಕೋಸು ಸಣ್ಣದಾಯಿತು, ಎರಡನೆಯ ವರ್ಷ ಪರವಾಗಿಲ್ಲ ಎನ್ನಿಸಿತು. ತಂಗಿಯ ಜೊತೆ ಮಾತು ಬಿಟ್ಟ. ಆದರೆ ಅಂದಿನಿಂದ ಒರತೆಯ ನೀರು ಅವಳ ಹನ್ನೆರಡನೆಯ ಬಾಟಲಿಯಾಯಿತು; ಅಲ್ಲಿಗೆ ಹೋಗಲು ಅವನ ಹೊಲದ ಗೇಟನ್ನೇ ದಾಟಬೇಕು. ವಾರದ ಆರು ದಿನ ಸರಪಳಿ ಹಾಕಿರುತ್ತಿದ್ದ ಆ ಗೇಟು ಬುಧವಾರ ಮಾತ್ರ ಸರಪಳಿಯಿಲ್ಲದೆ ಓರೆಯಾಗಿರುತ್ತಿತ್ತು. ಅವಳು ಒಳಗೆ ಬಂದಾಗ ಅವನು ದೂರದಲ್ಲಿ ಬೆನ್ನು ತಿರುಗಿಸಿ ನಿಂತಿರುತ್ತಿದ್ದ.

ಐದನೆಯ ವರ್ಷ ಒರತೆಯ ನೀರು ನೂರೆರಡಾಯಿತು. ಕಚೇರಿ ಆ ಅಂಕಿಯನ್ನು ಹೊಲದ ಮಾಲೀಕನಿಗೂ ಕಳಿಸುತ್ತಿತ್ತು. ಆ ಬುಧವಾರ ಅವಳು ಬಗ್ಗಿ ಬಾಟಲಿ ತುಂಬುತ್ತಿರುವಾಗ ಹಿಂದಿನಿಂದ ಕಾಗದ ಸರಿಯುವ ಸದ್ದಾಯಿತು.

“ಐದು ವರ್ಷ ಅರ್ಧ ಹೊಟ್ಟೆ ಕಟ್ಟಿ ಬೆಳೆದೆ,” ಎಂದ ಅಣ್ಣ. ಕಚೇರಿಯ ಕಾಗದವನ್ನು ಅವಳ ಮುಂದೆ ಚಾಚಿದ. “ಇಳೀಬೇಕಾದ್ದು ಏರಿದೆ. ಏನಿದು? ನಿನ್ನ ಯಂತ್ರಕ್ಕೆ ಹೊಟ್ಟೆನೋವಾ?”

ಐದು ವರ್ಷದಲ್ಲಿ ಅದು ಮೊದಲ ಮಾತು. ಅವಳು ಬಾಟಲಿಯ ಮುಚ್ಚಳ ಹಾಕಿ, ದಂಡೆಯ ಮೇಲೆ ಕೂತು, ಪಕ್ಕದ ನೆಲವನ್ನು ಕೈಯಿಂದ ತಟ್ಟಿದಳು. ಅವನು ಕೂರಲಿಲ್ಲ.

“ಮಣ್ಣಿನೊಳಗೆ ನೀರು ಬಹಳ ನಿಧಾನ ನಡೆಯುತ್ತೆ ಅಣ್ಣ. ನೀನು ಹತ್ತು ಹನ್ನೊಂದು ವರ್ಷದ ಹಿಂದೆ ಹಾಕಿದ್ದು ಈಗ ಇಲ್ಲಿ ಬರ್ತಾ ಇದೆ.”

“ಮಾಡಿದ್ದುಣ್ಣೋ ಮಹಾರಾಯ ಅನ್ನು.”

“ಹೂಂ.”

“ಈಗ ಬಿಟ್ಟದ್ದು ಯಾವಾಗ ಕಾಣುತ್ತೆ?”

“ಇನ್ನೂ ಐದಾರು ವರ್ಷ ಬೇಕು.”

ಅವನು ಒರತೆಯ ಕಡೆ ತಿರುಗಿದ. “ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ?”

“ಹೊಸಲು ತುಳೀಬೇಡ ಅಂದೆಯಲ್ಲ.”

ಆಮೇಲೆ ಪ್ರತಿ ಬುಧವಾರ ಅವನು ಗೇಟಿನ ಹತ್ತಿರವೇ ನಿಂತಿರುತ್ತಿದ್ದ. “ಎಷ್ಟು?” ಎಂದು ಕೇಳುತ್ತಿದ್ದ. ಅವಳು ಕಳೆದ ವಾರದ ಅಂಕಿ ಹೇಳುತ್ತಿದ್ದಳು. ಬೇರೆ ಮಾತಿಲ್ಲ. ನೂರು. ತೊಂಬತ್ತೊಂಬತ್ತು. ನೂರೊಂದು. ವರ್ಷಗಟ್ಟಲೆ ಅಣ್ಣ ತಂಗಿಯ ನಡುವೆ ಅಷ್ಟೇ ಸಂಭಾಷಣೆ. ಆದರೂ ಅವಳು ಸಂಜೆ ಮನೆಗೆ ಬಂದು, “ಇವತ್ತು ಅಣ್ಣನ ಹತ್ರ ಮಾತಾಡಿದೆ,” ಎಂದು ಗಂಡನಿಗೆ ಹೇಳುತ್ತಿದ್ದಳು, ಒಂದು ಗಂಟೆ ಹರಟೆ ಹೊಡೆದು ಬಂದವಳಂತೆ.

ಹನ್ನೊಂದನೆಯ ವರ್ಷ ತೊಂಬತ್ತು ಬಂತು. ಮುಂದಿನ ತಿಂಗಳು ಎಂಬತ್ತೆಂಟು. ಅವಳು ಎಂಬತ್ತೆರಡು ಎಂದು ಹೇಳಿದ ದಿನ ಅಣ್ಣ ತಲೆದೂಗಿ, ಹೊಲಕ್ಕೆ ಹೋಗಿ, ಎರಡು ಕೈಯಲ್ಲೂ ಹಿಡಿಯಲಾಗದಷ್ಟು ದೊಡ್ಡ ಕೋಸೊಂದನ್ನು ತಂದು ಅವಳ ಕಾರಿನ ಸೀಟಿನ ಮೇಲಿಟ್ಟ. “ಅರ್ಧ ಗೊಬ್ಬರದ್ದು,” ಎಂದ. “ಭಾವಂಗೆ ತೋರ್ಸು.”

ಅರವತ್ತು ತುಂಬಿದಾಗ ಅವಳಿಗೆ ನಿವೃತ್ತಿಯಾಯಿತು. ಆ ಕೆಲಸಕ್ಕೆ ಯಾರೂ ಸಿಗದೆ ಕಚೇರಿಯವರು ಮತ್ತೆ ಅವಳನ್ನೇ ಕರೆದರು. ಕರೆಯದಿದ್ದರೂ ಹೋಗುತ್ತಿದ್ದಳೇನೋ ಎಂದು ಗಂಡನಿಗೆ ಅನುಮಾನ.

*

ಅಣ್ಣ ಹೋಗಿ ಡೇರಿಯ ಯಜಮಾನನ ಪಕ್ಕದಲ್ಲಿ ಕೂತ. ಯಜಮಾನ ಅವನಿಗೊಂದು ಲೋಟ ಚಹಾ ಕೊಟ್ಟ. ಇಬ್ಬರೂ ಎದುರಿನ ಗೋಡೆ ನೋಡುತ್ತ ಕುಡಿದರು. ಲೋಟ ಖಾಲಿಯಾದ ಮೇಲೆ ಅಣ್ಣ ಅದನ್ನು ಬೆಂಚಿನ ಮೇಲಿಟ್ಟ.

“ಒಂದು ವಿಷಯ ಇದೆ. ಅವಳಿಗೂ ಹೇಳಿರ್ಲಿಲ್ಲ.”

“ಹೇಳಿ.”

“ಆವತ್ತು ನಿಮ್ಮ ಡೇರಿ ಮುಚ್ಚಿಸ್ಬೇಕು ಅಂತ ಅರ್ಜಿ ಹೋಯ್ತಲ್ಲ. ಅದಕ್ಕೆ ನಾನೂ ಸಹಿ ಹಾಕಿದ್ದೆ. ನನ್ನ ಹೊಲದ ವಿಷಯ ಗೊತ್ತಾಗೋಕೆ ಮೊದಲು. ನಿಮ್ಮ ಗುಂಡಿಯಿಂದಲೇ ಅಂತ ನಂಬ್ಕೊಂಡು.”

“ಗೊತ್ತು.”

ಅಣ್ಣ ತಿರುಗಿ ಅವನ ಮುಖ ನೋಡಿದ.

“ಮೂರನೇ ಸಹಿ,” ಎಂದ ಯಜಮಾನ. “ಕಚೇರೀಲಿ ನನಗೆ ತೋರಿಸಿದ್ರು. ಮುನ್ನೂರು ಜನರಲ್ಲಿ ನಿಮ್ಮದೊಂದೇ ಓದೋ ಹಾಗಿತ್ತು. ಅಕ್ಷರ ಬಹಳ ಚೆನ್ನಾಗಿದೆ.”

“ಗೊತ್ತಿದ್ದೂ ಸುಮ್ನಿದ್ರಾ ಇಷ್ಟು ವರ್ಷ?”

“ಸುಮ್ನೇನಿರ್ಲಿಲ್ಲ. ಹೋಗಿ ಜಗಳ ಆಡೋಣ ಅಂತ ಒಂದು ಬುಧವಾರ ನಿಮ್ಮ ಗೇಟಿನ ತನಕ ಬಂದಿದ್ದೆ. ನಿಮ್ಮ ತಂಗಿ ಎದುರಾದ್ಲು. ‘ನಾನು ಅಣ್ಣನ ಮಾತು ಕಳ್ಕೊಂಡು ಡೇರಿ ಉಳಿಸಿದೀನಿ, ನೀವು ಹಾಲು ಮಾರ್ಕೊಂಡು ಸುಮ್ನಿರಿ,’ ಅಂದ್ಲು. ಅದಾದ್ಮೇಲೆ ಏನು ಬಾಯಿ ಬರುತ್ತೆ?”

ಅಣ್ಣ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಯಜಮಾನ ಅವನ ಖಾಲಿ ಲೋಟವನ್ನು ತೆಗೆದುಕೊಂಡು ಮತ್ತೆ ಚಹಾ ತುಂಬಿಸಿ ತಂದ. ಈ ಸಲ ಸಕ್ಕರೆ ಎಷ್ಟು ಎಂದು ಕೇಳಿದ. ಅಂಗಳದಲ್ಲಿ ಮಾತು ಮತ್ತೆ ಶುರುವಾಯಿತು. ಹೊತ್ತಾದಾಗ ಪೆಟ್ಟಿಗೆಯ ತಲೆಯ ಕಡೆ ಬಲಕ್ಕೆ ಅಣ್ಣ, ಎಡಕ್ಕೆ ಡೇರಿಯ ಯಜಮಾನ ಹೆಗಲು ಕೊಟ್ಟರು. ಯಜಮಾನ ಎತ್ತರದವನಾದ್ದರಿಂದ ಅಣ್ಣನ ಸಮಕ್ಕೆ ಬರಲು ದಾರಿಯುದ್ದಕ್ಕೂ ಮೊಣಕಾಲು ಬಗ್ಗಿಸಿಕೊಂಡು ನಡೆದ.

ಸ್ಮಶಾನ ಊರಿನ ಅಂಚಿನ ದಿಬ್ಬದ ಮೇಲಿತ್ತು. ಹೆಚ್ಚು ಮಾತು ಬೇಡ ಎಂದು ಗಂಡ ಮೊದಲೇ ಹೇಳಿದ್ದ. ತಾನೇ ನಾಲ್ಕು ಮಾತಾಡಿದ.

“ನಲವತ್ತು ವರ್ಷ ಜೊತೆಗಿದ್ವಿ. ಅವಳಿಗೆ ಸುಳ್ಳು ಹೇಳೋಕೆ ಬರ್ತಿರ್ಲಿಲ್ಲ. ಹೊಸ ಅಂಗಿ ಹೇಗಿದೆ ಅಂತ ಕೇಳೋಕೂ ನನಗೆ ಭಯ ಆಗ್ತಿತ್ತು.” ಅವನು ಕನ್ನಡಕ ತೆಗೆದು ಒರೆಸಿದ. “ಇವತ್ತು ಈ ಅಂಗಿ ಹೇಗಿದೆ ಅಂತ ಕೇಳೋಕೆ ಯಾರೂ ಇಲ್ಲ. ಅಷ್ಟೇ. ಚೆನ್ನಾಗಿದ್ವಿ ನಾವು. ಬಹಳ ಚೆನ್ನಾಗಿದ್ವಿ.”

ಮಗಳು ಅಪ್ಪನ ಕಾಲರನ್ನು ಸರಿಮಾಡಿ, “ಚೆನ್ನಾಗಿದೆ ಅಪ್ಪ,” ಎಂದಳು.

ಒಬ್ಬೊಬ್ಬರೇ ಹಿಡಿ ಮಣ್ಣು ಹಾಕತೊಡಗಿದರು. ಬೆಳಗ್ಗೆ ಬಾಟಲಿಗಳು ಲ್ಯಾಬಿಗೆ ಹೋದದ್ದನ್ನು ಮಗಳಿಂದ ಕೇಳಿದ್ದ ಅಣ್ಣ, ಸರದಿ ಬಂದರೂ ಮುಂದೆ ಹೋಗದೆ ದಾರಿಯ ಕಡೆಗೇ ನೋಡುತ್ತಿದ್ದ. ಅಷ್ಟರಲ್ಲಿ ಕೆಮಿಸ್ಟ್ ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದಳು. ಕಪ್ಪು ಬಟ್ಟೆಯ ಮೇಲೆ ಲ್ಯಾಬಿನ ಬಿಳಿ ಕೋಟು ಹಾಗೇ ಇತ್ತು, ಬಿಚ್ಚಲು ಮರೆತಿದ್ದಳು. ಜನರ ನಡುವೆ ದಾರಿ ಮಾಡಿಕೊಂಡು ಅಣ್ಣನ ಪಕ್ಕ ಬಂದು ನಿಂತಳು.

“ಎಷ್ಟು?” ಎಂದ ಅಣ್ಣ.

“ಒರತೆ ಮೂವತ್ತೆಂಟು. ಕೆಳಗೆ ಹಳ್ಳ ಇಪ್ಪತ್ತೊಂಬತ್ತು.”

“ಹೊತ್ತು ಮೀರಿತ್ತಾ?”

“ಇಲ್ಲ. ಇನ್ನೂ ಹದಿಮೂರು ನಿಮಿಷ ಇರುವಾಗಲೇ ಮೊದಲನೇ ಬಾಟಲಿ ಹಾಕ್ದೆ. ಒಂದೂ ಕೆಡಲಿಲ್ಲ.”

ಅಣ್ಣ ತಲೆದೂಗಿದ. ಆಮೇಲೆ ಬಗ್ಗಿ ಮಣ್ಣು ತೆಗೆದುಕೊಂಡ. ರೈತನ ಕೈ, ಮಣ್ಣನ್ನು ಹಾಕುವ ಮುಂಚೆ ಅಭ್ಯಾಸಬಲದಿಂದ ಹೆಬ್ಬೆರಳಿನಲ್ಲಿ ಒಮ್ಮೆ ಉಜ್ಜಿ ನೋಡಿದ.

ಮಧ್ಯಾಹ್ನ ಮೂರರ ಹೊತ್ತಿಗೆ ಬಂದವರೆಲ್ಲ ಹೊರಟುಹೋದರು. ಮಗಳು ಲೋಟ ತೊಳೆಯುತ್ತಿದ್ದಳು. ಗಂಡ ಏನು ಮಾಡಬೇಕೆಂದು ತಿಳಿಯದೆ ಕುರ್ಚಿಗಳನ್ನು ಮತ್ತೆ ಒರೆಸುತ್ತಿದ್ದ. ಅಣ್ಣ ಪಿಕಪ್ಪಿನ ಕೀಲಿ ತಿರುಗಿಸುತ್ತ ಬಾಗಿಲಲ್ಲಿ ನಿಂತಿದ್ದ.

“ಭಾವ, ಒಂದ್ಸಲ ನನ್ನ ಜೊತೆ ಬರ್ತೀರಾ? ಅವಳು ಕೂರ್ತಿದ್ದ ಜಾಗ ತೋರಿಸ್ತೀನಿ.”

ಗಂಡ ಒಂದು ಸಲವೂ ಅಲ್ಲಿಗೆ ಹೋದವನಲ್ಲ. ಬರಲಾ ಎಂದು ಕೇಳಿದಾಗೆಲ್ಲ, “ನೀವು ಬಂದ್ರೆ ಮಾತಾಡ್ತಾ ಆಡ್ತಾ ನೀರು ಕದಡ್ತೀರಿ,” ಎಂದು ಅವಳು ನಗುತ್ತಿದ್ದಳು.

“ಹೋಗ್ಬನ್ನಿ ಅಪ್ಪ,” ಎಂದು ಮ‌ಗಳು ಒಳಗಿನಿಂದಲೇ ಕೂಗಿದಳು. “ಆ ಕುರ್ಚಿಗಳ ಬಣ್ಣ ಹೋಗುತ್ತೆ ಇಲ್ದಿದ್ರೆ.”

ಹೊಲ ದಾಟಿ ಇಬ್ಬರೂ ಇಳಿಜಾರಿನಲ್ಲಿ ಇಳಿದರು. ಉಳದೆ ಬಿಟ್ಟ ಇಪ್ಪತ್ತು ಹೆಜ್ಜೆಯ ಪಟ್ಟಿಯಲ್ಲಿ ಹುಲ್ಲು ಸೊಂಟದೆತ್ತರ ಬೆಳೆದಿತ್ತು, ನಡುನಡುವೆ ಯಾರೂ ನೆಡದ ಗಿಡಗಳು. ಅಣ್ಣ ಮುಂದೆ ಹೋಗಿ ಹುಲ್ಲನ್ನು ಎರಡು ಕೈಯಿಂದ ಸರಿಸಿ ದಾರಿ ಬಿಟ್ಟ.

“ಇಲ್ಲೇ.”

ಒರತೆ ಸಣ್ಣ ಸದ್ದಿನಲ್ಲಿ ಬೀಳುತ್ತಿತ್ತು. ಅದರ ಎದುರು ದಂಡೆಯ ಅಂಚಿನಲ್ಲಿ ಅಕ್ಕಪಕ್ಕ ಎರಡು ಗುಳಿಗಳಿದ್ದವು. ಹದಿನೇಳು ವರ್ಷ, ವಾರಕ್ಕೊಮ್ಮೆ, ಒಂದೇ ಜಾಗದಲ್ಲಿ ಎರಡು ಬೂಟುಗಳು ಊರಿ ಊರಿ ಆದ ಗುಳಿಗಳು. ಸುತ್ತ ಹುಲ್ಲು ಒತ್ತಾಗಿತ್ತು, ಅವುಗಳಲ್ಲಿ ಒಂದು ಎಸಳೂ ಇರಲಿಲ್ಲ. ಬಲಗಡೆಯದು ಎಡಗಡೆಯದಕ್ಕಿಂತ ಆಳವಾಗಿತ್ತು. ಬಗ್ಗುವಾಗ ಅವಳು ಭಾರವನ್ನು ಆ ಕಾಲಿನ ಮೇಲೆ ಬಿಡುತ್ತಿದ್ದಳೆಂದು ತೋರುತ್ತದೆ.

ಗಂಡ ಕಪ್ಪು ಬೂಟು, ಕಾಲುಚೀಲ ಬಿಚ್ಚಿ ಹುಲ್ಲಿನ ಮೇಲಿಟ್ಟು, ಪ್ಯಾಂಟು ಮಡಚಿಕೊಂಡ. ಅಣ್ಣ ಅವನ ಮೊಣಕೈ ಹಿಡಿದುಕೊಂಡ. ಗಂಡ ಗುಳಿಯಲ್ಲಿ ಎಡಗಾಲು ಇಟ್ಟ, ಬಲಗಾಲು ಇಟ್ಟ, ಮೆಲ್ಲಗೆ ಕುಕ್ಕರಗಾಲಲ್ಲಿ ಕೂತ. ಗುಳಿಗಳು ಅವನ ಪಾದಕ್ಕೆ ಚಿಕ್ಕವು; ಹಿಮ್ಮಡಿ ಒಳಗೆ ಕೂತಿತು, ಬೆರಳುಗಳು ಅಂಚಿನ ಮೇಲೇ ಉಳಿದವು. ಕೆಳಗಿನಿಂದ ತಣ್ಣಗಿನ ನೀರು ಜಿನುಗಿ ಬಂದು ಅವನ ಹಿಮ್ಮಡಿಯ ಸುತ್ತ ನಿಧಾನವಾಗಿ ತುಂಬತೊಡಗಿತು.